ಬಿಡದಿಯ ತಟ್ಟೆ, ಬ್ರಿಟನಿಯ ಹೆಂಚು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಹಳೆಯ ಹೆದ್ದಾರಿಯು ಕೆಂಗೇರಿಯನ್ನು ಹಿಂದೆ ಹಾಕಿ, ಸುಮಾರು 32 ಕಿಲೋಮೀಟರಿನ ಹೊತ್ತಿಗೆ ಬಿಡದಿಯನ್ನು ಹೊಗುತ್ತದೆ. ಪ್ರವಾಸದ ಕೈಪಿಡಿಗಳು ಪುಟಗಟ್ಟಲೆ ವರ್ಣಿಸುವಂಥ ಕೋಟೆಯಾಗಲಿ ಜಲಪಾತವಾಗಲಿ ಈ ಊರಿನ ನಡುವೆ ಇಲ್ಲ. ಆದರೂ ಈ ದಾರಿಯಲ್ಲಿ ಹೋಗುವವರು ಇಲ್ಲಿ ಗಾಡಿ ನಿಲ್ಲಿಸದೆ ಮುಂದೆ ಸಾಗುವುದು ಬಹುಕಾಲ ಅಪರೂಪದ ಸಂಗತಿಯಾಗಿತ್ತು. ಅದಕ್ಕೆ ಕಾರಣ ಒಂದೇ: ತಟ್ಟೆ ಇಡ್ಲಿ.

ಬೆಳಗಿನ ಆರು ಗಂಟೆಯ ಸಮಯ. ರಸ್ತೆಯ ಮಗ್ಗುಲಿಗೆ ತಗಡಿನ ಮಾಡು. ಅದರ ಕೆಳಗೆ ಆಳೆತ್ತರದ ಹಬೆಪಾತ್ರೆ. ಅದರ ಮುಚ್ಚಳವನ್ನು ತೆರೆದೊಡನೆ ಬಿಳಿಯ ಹಬೆಯು ಭುಸ್ಸೆಂದು ಎದ್ದು, ಎದುರಿಗೆ ನಿಂತವರ ಕನ್ನಡಕಗಳನ್ನೆಲ್ಲ ಮಂಜುಗವಿಸುತ್ತದೆ. ಹಬೆ ಚದುರಿದ ಮೇಲೆ ಕಾಣುವುದು ಅಂಗೈಯಗಲವನ್ನು ಮೀರಿದ ತಟ್ಟೆಗಳ ಗೋಪುರ. ಒಂದೊಂದು ತಟ್ಟೆಯಲ್ಲಿಯೂ ಒಂದೊಂದೇ ಇಡ್ಲಿ. ಮನೆಯ ಇಡ್ಲಿಯು ಗುಳಿಯಲ್ಲಿ ಬೆಂದು ನಡುವೆ ಉಬ್ಬಿಕೊಂಡರೆ, ಇದು ಚಪ್ಪಟೆಯಾದ ತಳದ ಮೇಲೆ ಹರಡಿಕೊಂಡು ಅಂಚಿನಿಂದ ನಡುವಿನವರೆಗೂ ಒಂದೇ ಸಮನಾಗಿ ಬೇಯುತ್ತದೆ. ಅಕ್ಕಿ, ಉದ್ದುಗಳ ಜೊತೆಗೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಹಿಡಿ ಅನ್ನವನ್ನೋ ಸೇರಿಸಿ ರುಬ್ಬುವುದರಿಂದ ಅದಕ್ಕೆ ಒಂದು ಬಗೆಯ ಮೆದುತನ ಬರುತ್ತದೆ. ಯಾವುದನ್ನು ಎಷ್ಟು ಹಾಕಬೇಕೆಂದು ಅಂಗಡಿಯವರನ್ನು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ.

“ಅಣ್ಣಾ, ಎರಡು ತಟ್ಟೆ, ಬೆಣ್ಣೆ ಬೇರೆ ಕೊಡಿ.”

“ಬೇರೆ ಯಾಕೆ ಸಾಮಿ? ಬಿಸಿ ಮೇಲೇ ಹಾಕ್ತೀನಿ, ಕರಗಲಿ.”

ಈ ಎರಡನೆಯ ಮಾತಿನಲ್ಲಿ ಒಂದು ಪಾಕಶಾಸ್ತ್ರವೇ ಅಡಗಿದೆ. ಬೆಣ್ಣೆಯ ಉಂಡೆಯು ಇಡ್ಲಿಯ ನಡುವೆ ಕೂತು, ಅಂಚುಗಳತ್ತ ಮೆಲ್ಲನೆ ಇಳಿದು, ಕಾಯಿಚಟ್ನಿಯನ್ನು ಮುಟ್ಟುವಷ್ಟರಲ್ಲಿ ತಿನ್ನಲು ತೊಡಗಬೇಕು. ಮೊದಲೇ ತೊಡಗಿದರೆ ಬೆಣ್ಣೆ ಗಟ್ಟಿ. ತಡಮಾಡಿದರೆ ಇಡ್ಲಿ ತಣ್ಣಗೆ. ಲಾರಿಯ ಚಾಲಕನೂ, ಮೈಸೂರಿನ ಮದುವೆಗೆ ಹೊರಟ ಜರತಾರಿ ಸೀರೆಯ ಗೃಹಿಣಿಯೂ, ಕಾಲೇಜಿನ ಹುಡುಗರೂ ಒಂದೇ ಹಲಗೆಯ ಮುಂದೆ ನಿಂತು, ಒಂದೇ ಬೆಲೆ ಕೊಟ್ಟು, ಒಂದೇ ಎಚ್ಚರಿಕೆಯಿಂದ ಈ ಗಳಿಗೆಯನ್ನು ಕಾಯುತ್ತಾರೆ. ಕುರ್ಚಿಯಿಲ್ಲವೆಂದು ಯಾರೂ ದೂರುವುದಿಲ್ಲ. ಕುರ್ಚಿಯಿರುವ ದೊಡ್ಡ ಹೋಟೆಲುಗಳೂ ಈಗ ಬಿಡದಿಯಲ್ಲಿ ಉಂಟು. ಆದರೆ ನಿಂತು ತಿಂದ ರುಚಿಯು ಕೂತು ತಿಂದಾಗ ಅರ್ಧಕ್ಕಿಳಿಯುತ್ತದೆಂಬುದು ಅನುಭವಿಗಳ ಅಭಿಪ್ರಾಯ. ತುಮಕೂರಿನ ಕಡೆಯವರು ಮಾತ್ರ ಈ ಇಡೀ ಪ್ರಶಂಸೆಯನ್ನು ಒಪ್ಪಲಾರರು. ಅವರ ಕ್ಯಾತ್ಸಂದ್ರಕ್ಕೂ ಇದೇ ತಿಂಡಿಯಿಂದ ಹೆಸರು ಬಂದಿರುವುದರಿಂದ ವ್ಯಾಜ್ಯವು ಇನ್ನೂ ತೀರಿಲ್ಲ. ತೀರದಿರುವುದೇ ತಿನ್ನುವವರಿಗೆ ಲಾಭ.

ಇಡ್ಲಿಯ ವಂಶಾವಳಿಯಂತೂ ದೊಡ್ಡದು. 10ನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಮುಂದಿನ ಶತಮಾನದಲ್ಲಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವನ್ನು ಕೊಟ್ಟಿದ್ದಾನೆ. ಆ ಹಳೆಯ ಇಡ್ಡಲಿಗೆಯಲ್ಲಿ ಅಕ್ಕಿಯಿರಲಿಲ್ಲ. ಅಕ್ಕಿಯು ಉದ್ದಿನ ಕೈಹಿಡಿದು, ಇಬ್ಬರೂ ಒಂದು ರಾತ್ರಿ ಹುದುಗಿ, ಬೆಳಗ್ಗೆ ಹಬೆಯಲ್ಲಿ ಅರಳುವ ಸಂಸಾರವು ಅನಂತರದ್ದು.

ಅಗ್ಗವಾದ, ಬಿಸಿಯಾದ, ಎದುರಿನಲ್ಲೇ ಮಾಡಿ ಕೊಡುವ ಇಂಥ ತಿಂಡಿಯು ನಮ್ಮವರ ಸ್ವಂತ ಸ್ವತ್ತೆಂದು ಭಾವಿಸಬೇಕಾಗಿಲ್ಲ. ಫ್ರೆಂಚರ ಊಟವೆಂದೊಡನೆ ನಮ್ಮ ನಗರವಾಸಿಗಳ ಕಣ್ಣಮುಂದೆ ನಿಲ್ಲುವುದು ಮಡಿಕೆ ಮುರಿಯದ ಬಿಳಿಯ ಮೇಜುವಸ್ತ್ರ, ಯಾವುದನ್ನು ಯಾವಾಗ ಎತ್ತಬೇಕೆಂದು ತಿಳಿಯದ ಚಮಚಗಳ ಸಾಲು, ಓದಿದರೆ ಹಸಿವೇ ಇಂಗಿಹೋಗುವಂಥ ಬೆಲೆಯ ಪಟ್ಟಿ. ಅದು ಫ್ರೆಂಚರ ಊಟದ ಒಂದು ಮುಖ ಮಾತ್ರ. ಅಲ್ಲಿಯ ಸಾಮಾನ್ಯನು ದಿನವೂ ನೋಡುವ ಮುಖವಲ್ಲ. ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ, ಸಮುದ್ರದೊಳಕ್ಕೆ ಮೂಗು ಚಾಚಿದಂತೆ ಬ್ರಿಟನಿ ಎಂಬ ಪ್ರಾಂತವಿದೆ. ಮಣ್ಣು ಬಡವು, ಮಳೆ ಹೆಚ್ಚು. ಗೋಧಿಯು ಮುನಿಸಿಕೊಳ್ಳುವ ಆ ನೆಲದಲ್ಲಿ ಮೂರು ತಿಂಗಳಿಗೆಲ್ಲ ಕೈಗೆ ಬರುವ ಒಂದು ಕಪ್ಪು ಕಾಳನ್ನು ಬೆಳೆಯುತ್ತಿದ್ದರು. ಉತ್ತರ ಹಿಂದುಸ್ಥಾನದವರು ಉಪವಾಸದ ದಿನ ಹಿಟ್ಟುಮಾಡಿ ತಿನ್ನುವ ಕುಟ್ಟು ಇದೇ. ಬ್ರಿಟನಿಯವರು ಅದನ್ನು ಕಪ್ಪು ಗೋಧಿಯೆನ್ನುತ್ತಾರೆ. ಆ ಹಿಟ್ಟಿಗೆ ನೀರು, ಉಪ್ಪು ಸೇರಿಸಿ ಕಲಸಿ, ಕೆಲವು ಗಂಟೆ ಹಾಗೆಯೇ ಬಿಟ್ಟು, ‘ಬಿಲಿಗ್’ ಎಂಬ ಎರಕದ ಕಬ್ಬಿಣದ ದುಂಡು ಹೆಂಚಿನ ಮೇಲೆ ಹುಯ್ದು, ಮರದ ಪುಟ್ಟ ಹಲಗೆಗೋಲಿನಿಂದ ತೆಳ್ಳಗೆ ಹರಡುತ್ತಾರೆ. ಆಗುವುದೇ ‘ಗಲೆತ್’. ಬಿಳಿಯ ಗೋಧಿಹಿಟ್ಟಿನಿಂದ ಹೀಗೆಯೇ ಮಾಡಿ ಸಕ್ಕರೆ, ಬೆಣ್ಣೆ ಸವರಿದರೆ ಅದು ‘ಕ್ರೆಪ್’.

ನಮ್ಮ ಗೃಹಿಣಿಯರಿಗೆ ಇದನ್ನು ಇನ್ನಷ್ಟು ವಿವರಿಸುವ ಅಗತ್ಯವಿಲ್ಲ: ಅದು ದೋಸೆ! ಒಳಗೆ ಆಲೂಗೆಡ್ಡೆಯ ಪಲ್ಯದ ಬದಲು ಚೀಸು, ಮೊಟ್ಟೆ ಅಥವಾ ಮಾಂಸವಿರುತ್ತದೆ, ಅಷ್ಟೆ. ಬೆಣ್ಣೆಯ ಮೇಲಿನ ಮೋಹದಲ್ಲಂತೂ ಬ್ರಿಟನಿಯವರೂ ಬಿಡದಿಯವರೂ ಒಡಹುಟ್ಟಿದವರು. ಅವರು ಬೆಣ್ಣೆಗೆ ಉಪ್ಪು ಬೆರೆಸುತ್ತಾರೆ, ಇವರು ಬೆರೆಸುವುದಿಲ್ಲ.

ಇನ್ನೂ ಒಂದು ಹೋಲಿಕೆಯುಂಟು. ಬ್ರಿಟನಿಯಿಂದ ಬರುವ ರೈಲುಗಳು ಪ್ಯಾರಿಸಿನ ಮೊಂಪರ್ನಾಸ್ ನಿಲ್ದಾಣವನ್ನು ಸೇರುತ್ತವೆ. ಕೆಲಸವನ್ನರಸಿ ಆ ರೈಲಿನಲ್ಲಿ ಬಂದಿಳಿದ ಬ್ರಿಟನಿಯ ಬಡವರು ನಿಲ್ದಾಣದ ಆಸುಪಾಸಿನಲ್ಲಿಯೇ ನೆಲೆಸಿದರು; ಅವರ ಹೆಂಚುಗಳೂ ಅಲ್ಲಿಯೇ ನೆಲೆಗೊಂಡವು. ಇಂದಿಗೂ ಆ ಬೀದಿಯಲ್ಲಿ ಗಲೆತ್ ಮಾಡುವ ಅಂಗಡಿಗಳು ಸಾಲುಸಾಲಾಗಿವೆ. ಪ್ಯಾರಿಸಿಗೆ ಹೋದವನು ಅಷ್ಟು ದುಬಾರಿಯ ಊರಿನಲ್ಲಿಯೂ ಬೀದಿಬದಿಯ ಗೂಡಂಗಡಿಯ ಮುಂದೆ ನಿಂತು, ಕಾಗದದಲ್ಲಿ ಮಡಿಸಿ ಕೊಟ್ಟ ಕ್ರೆಪ್ಪನ್ನು ಕೈಯಲ್ಲಿ ಹಿಡಿದು ಹೊಟ್ಟೆ ತುಂಬಿಸಿಕೊಳ್ಳಬಹುದು. ಮೈಸೂರಿನ ರೈಲುದಾರಿಯಲ್ಲಿಯೂ ನಡೆದದ್ದು ಇದೇ ಅಲ್ಲವೆ? ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯರು 1917ರಲ್ಲಿ ಒಂದು ದಿನ ರೈಲು ಬರುವ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಹಿಟ್ಟನ್ನು ತಟ್ಟಿ ಕರಿದುದರಿಂದ ಮದ್ದೂರು ವಡೆ ಹುಟ್ಟಿತೆಂಬ ಕಥೆಯು ಆ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ದಾರಿಯೇ ತಾಯಿಯಾದ ತಿಂಡಿಗಳು ಇವು.

ಫ್ರೆಂಚರಿಗೂ ಇಡ್ಲಿಗೂ ಹೋಲಿಕೆಯ ಮಾತಿಗಿಂತ ಹತ್ತಿರದ ನಂಟೂ ಇದೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಉಕ್ಕುವುದೇಕೆ? ಹುದುಗುವಿಕೆಯು ಕಣ್ಣಿಗೆ ಕಾಣದ ಜೀವಿಗಳ ವ್ಯಾಪಾರವೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನು ಲೂಯಿ ಪಾಶ್ಚರ್. ಹಾಲು ಹುಳಿಯಾಗುವ ಬಗೆಯನ್ನು ಕುರಿತ ಅವನ ಪ್ರಬಂಧವು 1857ರದು. ಪಾಶ್ಚರನ ಪ್ರಯೋಗಶಾಲೆಯಲ್ಲಿ ಪಳಗಿದ ವಾನ್ ಟೀಘೆಮ್ ಎಂಬವನು 1878ರಲ್ಲಿ, ಸಕ್ಕರೆ ಕಾರ್ಖಾನೆಗಳ ರಸವನ್ನು ಲೋಳೆಗಟ್ಟಿಸುತ್ತಿದ್ದ ಒಂದು ಸೂಕ್ಷ್ಮಜೀವಿಯನ್ನು ಪರೀಕ್ಷಿಸಿ, ಅದರ ಕುಲಕ್ಕೆ ‘ಲ್ಯೂಕೋನಾಸ್ಟಾಕ್’ ಎಂದು ನಾಮಕರಣ ಮಾಡಿದನು. ಸಕ್ಕರೆಯವರಿಗೆ ಅದು ಪೀಡೆ. ಆದರೆ ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಮುಖ್ಯ ಕೆಲಸಗಾರನು ಇದೇ ಜೀವಿಯೆಂದು 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯೊಂದು ಸಾರಿತು. ಬಿಡದಿಯ ರುಬ್ಬುಗುಂಡಿಗೆ ಈ ಪಾಂಡಿತ್ಯದ ಹಂಗಿಲ್ಲವೆಂಬುದು ಬೇರೆ ಮಾತು.

ಬಿಡದಿಯಿಂದ ಮುಂದೆ, ಬಂಡೆಬೆಟ್ಟಗಳು ರಸ್ತೆಯ ಎರಡು ಬದಿಯಲ್ಲಿಯೂ ಒತ್ತಿ ನಿಲ್ಲುವಲ್ಲಿ ರಾಮನಗರವಿದೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸನ ಹೆಸರನ್ನು ಹೊತ್ತು ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿದ್ದ ಊರು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಕೂಡಿಸಿ ಪ್ರತ್ಯೇಕ ಜಿಲ್ಲೆ ಮಾಡಿದಾಗ ಇದು ಅದರ ಕೇಂದ್ರವಾಯಿತು. 2025ರ ಮೇ ತಿಂಗಳಲ್ಲಿ ಸರ್ಕಾರವು ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ವೆಂಬ ಹೊಸ ಹೆಸರನ್ನಿಟ್ಟರೂ ಕೇಂದ್ರವು ರಾಮನಗರವೇ. ಚಲನಚಿತ್ರದ ಅಭಿಮಾನಿಗಳು 1975ರ ಷೋಲೆಯ ಬೆಟ್ಟಗಳನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ. ಊರನ್ನು ಬದುಕಿಸುವುದು ಮಾತ್ರ ಬೆಟ್ಟವಲ್ಲ, ರೇಷ್ಮೆಗೂಡಿನ ಮಾರುಕಟ್ಟೆ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದದ್ದು.

ಪಾಶ್ಚರನು ಇಲ್ಲಿಯೂ ಎದುರಾಗುತ್ತಾನೆ. ಫ್ರಾನ್ಸಿನ ದಕ್ಷಿಣದಲ್ಲಿ ಗಂಟುರೋಗವು ರೇಷ್ಮೆಹುಳುಗಳನ್ನು ನಿರ್ನಾಮ ಮಾಡುತ್ತಿದ್ದಾಗ ಅವನು 1865ರಿಂದ ಐದು ವರ್ಷ ಆಲೆಸ್ ಎಂಬ ಊರಿನ ಸುತ್ತಮುತ್ತ ದುಡಿದು ಉಪಾಯವನ್ನು ಕಂಡುಹಿಡಿದನು: ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುವುದು. ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಮಾಗಡಿ, ಕುಣಿಗಲ್ಲುಗಳ ಸೀಮೆಯಿಂದ ಬರುವ ಮೊಟ್ಟೆಗಳ ಆರೋಗ್ಯವನ್ನು ಕಾಯುವುದು ಇಂದಿಗೂ ಈ ತಾಯಿಚಿಟ್ಟೆಯ ಪರೀಕ್ಷೆಯೇ. ಹುಳು ಸತ್ತರೆ ವರ್ಷದ ಸಾಲವು ಹಾಗೆಯೇ ಉಳಿಯುವ ರೈತನಿಗೆ ಇದು ಸಣ್ಣ ಉಪಕಾರವಲ್ಲ.

ಆ ರೈತನು ಗೂಡಿನ ಮೂಟೆಯೊಡನೆ ನಸುಕಿನಲ್ಲಿಯೇ ಬಂದಿಳಿಯುತ್ತಾನೆ. ಹರಾಜು ಮುಗಿದು ಹಣ ಕೈಸೇರುವವರೆಗೆ ಅವನ ಜೇಬಿನಲ್ಲಿರುವುದು ಬಸ್ಸಿನ ಚಾರ್ಜು ಮತ್ತು ತಿಂಡಿಯ ಕಾಸು. ಮಾರುಕಟ್ಟೆಯ ಸುತ್ತಲಿನ ತಳ್ಳುಗಾಡಿಗಳು ಇರುವುದು ಅವನಿಗಾಗಿ. ಇಡ್ಲಿ, ಚಿತ್ರಾನ್ನ, ಒಂದು ಲೋಟ ಟೀ.

“ಇವತ್ತು ರೇಟು ಹೆಂಗಣ್ಣ?”

“ಇನ್ನೂ ಕೂಗಿಲ್ಲ ಬನ್ನಿ, ಮೊದ್ಲು ತಿಂಡಿ ತಿನ್ನಿ. ಬರಿಹೊಟ್ಟೇಲಿ ರೇಟು ಕೇಳ್ಬಾರ್ದು.”

ನಗರದ ಕುಟುಂಬಕ್ಕೆ ಬೀದಿಯ ತಿಂಡಿಯು ಒಂದು ವಿನೋದ. ಈತನಿಗೆ ಅದು ದಿನದ ಲೆಕ್ಕದ ಒಂದು ಬಾಬು. ಅಗ್ಗವೆಂಬ ಮಾತಿನ ನಿಜವಾದ ತೂಕವನ್ನು ತಿಳಿಯಬೇಕಾದರೆ ಬಿಡದಿಗಿಂತ ಈ ತಳ್ಳುಗಾಡಿಗಳ ಬಳಿ ನಿಲ್ಲುವುದು ಮೇಲು.

ಚನ್ನಪಟ್ಟಣವು ಬೊಂಬೆಯ ಊರೆಂಬುದನ್ನು ಮಕ್ಕಳೂ ಬಲ್ಲರು. ಹಾಲೆಮರದ ಆ ಬಣ್ಣದ ಗಿಲಕಿಗಳನ್ನು ಆಡದ ಮಗು ಈ ಕಡೆ ವಿರಳ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ಪ್ರವಾಸಿಯು ಗಾಜಿನ ಬಳೆ, ವಾದ್ಯಗಳ ಉಕ್ಕಿನ ತಂತಿ, ಇವುಗಳ ಜೊತೆಗೆ ಇಲ್ಲಿಯ ಬಿಳಿಯ ಸಕ್ಕರೆಯನ್ನೂ ಹೊಗಳಿದ್ದಾನೆ. ಈಗ ಆ ಸಕ್ಕರೆಯಿಲ್ಲ. ರೈಲಿನಿಂದಿಳಿದವನಿಗೆ ದೊರೆಯುವುದು ಖಾರದ ತಿಂಡಿಯೇ.

ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ಮಾಗಡಿಯತ್ತಲೋ ಪೂರ್ವಕ್ಕೆ ಕನಕಪುರದತ್ತಲೋ ತಿರುಗಿದರೆ ಅಡಿಗೆಯೂ ಬಣ್ಣ ಬದಲಿಸುತ್ತದೆ. ಸಾವನದುರ್ಗದ ಹೆಬ್ಬಂಡೆಯ ಸುತ್ತಲಿನ ಹೊಲಗಳು ಮಳೆಯನ್ನೇ ನಂಬಿದವು. ಅಲ್ಲಿ ಅಕ್ಕಿಯು ನೆಂಟ. ರಾಗಿಯು ಮನೆಯ ಯಜಮಾನ. ಮುದ್ದೆ, ಬಸ್ಸಾರು, ಉಪ್ಪೆಸರು. ಚಳಿಗಾಲ ಬಂತೆಂದರೆ ಬೆಂಗಳೂರಿನವರೂ ಕಾದು ಕೊಳ್ಳುವ ಮಾಗಡಿಯ ಸೊಗಡಿನ ಅವರೆಕಾಯಿ. ಬಸ್ ನಿಲ್ದಾಣಗಳ ಬಳಿಯ ಸಣ್ಣ ಖಾನಾವಳಿಗಳಲ್ಲಿ ಮಧ್ಯಾಹ್ನಕ್ಕೆ ಮುದ್ದೆಯನ್ನು ತಿರುವುವ ಕೋಲಿನ ಸದ್ದು ಕೇಳುತ್ತದೆ. ಬ್ರಿಟನಿಯ ರೈತನು ಈ ಊಟವನ್ನು ಕಂಡರೆ ಪರಕೀಯವೆನ್ನಲಾರ. ಅವನ ಕಪ್ಪು ಗೋಧಿಯನ್ನೂ ಒಂದು ಕಾಲಕ್ಕೆ ಬಿಳಿಯ ರೊಟ್ಟಿಯವರು ಬಡವರ ಕೂಳೆಂದು ಕೀಳಾಗಿ ಕಂಡವರೇ. ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಯನ್ನು ಶ್ರೀರಾಮನಿಂದಲೇ ಮನ್ನಣೆಗೊಳಿಸಿದರು. ಬ್ರಿಟನಿಗೆ ಅಂಥ ಕವಿಯು ದೊರೆತನೋ ಇಲ್ಲವೋ, ಆ ಕಪ್ಪು ಗಲೆತ್ ಇಂದು ಫ್ರಾನ್ಸಿನ ಉದ್ದಗಲಕ್ಕೂ ಮರ್ಯಾದೆಯ ತಿಂಡಿ.

ತಮ್ಮ ಅಗ್ಗದ ಆಹಾರವನ್ನು ಕಾಯುವುದರಲ್ಲಿ ಫ್ರೆಂಚರ ಹಟವು ಮೆಚ್ಚತಕ್ಕದ್ದು. ರೊಟ್ಟಿಯ ಬೆಲೆಯ ಮೇಲಿನ ಕೈಯನ್ನು ಅಲ್ಲಿಯ ಸರ್ಕಾರವು ಪೂರ್ತಿಯಾಗಿ ಬಿಟ್ಟದ್ದು 1987ರಲ್ಲಿ. 1993ರಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ, ಸಾಂಪ್ರದಾಯಿಕವೆಂದು ಕರೆಯಿಸಿಕೊಳ್ಳುವ ರೊಟ್ಟಿಗೆ ಹಿಮಗಟ್ಟಿಸಿದ ಹಿಟ್ಟು ಕೂಡದು. 2022ರ ನವೆಂಬರ್ 30ರಂದು ಅವರ ಬಗೆತ್ ಎಂಬ ಕೋಲುರೊಟ್ಟಿಯ ಕುಶಲತೆಯು ಯುನೆಸ್ಕೋದ ಪರಂಪರೆಯ ಪಟ್ಟಿಗೇ ಏರಿತು.

ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 2023ರ ಮಾರ್ಚ್ 12ರಂದು, ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನಡೆಯಿತು. 118 ಕಿಲೋಮೀಟರು, ನಡುವೆ ಆರು ಪಥ, ಎರಡು ಬದಿಗೂ ಎರಡೆರಡು ಸೇವಾಪಥ. ಮೂರು ಗಂಟೆಯ ಪ್ರಯಾಣವು ಒಂದೂವರೆ ಗಂಟೆಗೆ ಇಳಿಯಿತು. ಆಸ್ಪತ್ರೆಗೆ ಓಡುವವನಿಗೆ, ದಿನವೂ ಎರಡು ಊರುಗಳ ನಡುವೆ ಓಡಾಡುವ ನೌಕರನಿಗೆ ಇದರ ಬೆಲೆಯೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ರಸ್ತೆಯನ್ನು ಹಳಿಯುವುದು ನ್ಯಾಯವೂ ಅಲ್ಲ. ಆದರೆ ಆ ರಸ್ತೆಯು ಬಿಡದಿಯನ್ನು ಬಳಸಿಕೊಂಡು ಹೋಗುತ್ತದೆ. ರಾಮನಗರ, ಚನ್ನಪಟ್ಟಣಗಳೆರಡನ್ನೂ ಸುಮಾರು 22 ಕಿಲೋಮೀಟರಿನ ಒಂದೇ ಬಳಸುದಾರಿಯಲ್ಲಿ ಹಿಂದೆ ಹಾಕುತ್ತದೆ. ಹಬೆಯ ಪರಿಮಳವು ಅಷ್ಟು ದೂರ ತಲುಪಲಾರದು. ತಲುಪಿದರೂ ನೂರು ಕಿಲೋಮೀಟರಿನ ವೇಗದಲ್ಲಿ ಗಾಜು ಏರಿಸಿ ಓಡುವವನ ಮೂಗಿಗೆ ಬೀಳದು. ಗಿರಾಕಿಗಳಿಲ್ಲದೆ ವ್ಯಾಪಾರ ಕುಸಿಯಿತೆಂದು ಇಡ್ಲಿಯ ಅಂಗಡಿಯವರೂ, ಬೊಂಬೆಯವರೂ, ಮದ್ದೂರಿನ ವಡೆಯವರೂ ಒಂದೇ ದನಿಯಲ್ಲಿ ಅಳಲು ತೋಡಿಕೊಂಡರು.

ಅಳಲಿನಲ್ಲಿ ಹುರುಳಿದೆ. ತಟ್ಟೆ ಇಡ್ಲಿಯನ್ನು ಅಗ್ಗವಾಗಿರಿಸಿದ್ದು ಅಂಗಡಿಯವನ ಔದಾರ್ಯವೊಂದೇ ಅಲ್ಲ, ಗಿರಾಕಿಗಳ ಸಂಖ್ಯೆ. ಬೆಳಗ್ಗೆ ಐದುನೂರು ತಟ್ಟೆ ಖರ್ಚಾಗುವಲ್ಲಿ ಒಂದೊಂದು ತಟ್ಟೆಯ ಮೇಲೆ ಬಿಡಿಗಾಸಿನ ಲಾಭವಿದ್ದರೂ ಸಂಸಾರ ಸಾಗುತ್ತದೆ. ಐವತ್ತೇ ಖರ್ಚಾದರೆ ಬೆಲೆಯನ್ನು ಏರಿಸಬೇಕು, ಇಲ್ಲವೆ ಬೆಣ್ಣೆಯನ್ನು ಕಿರಿದುಮಾಡಬೇಕು. ಉಳಿದ ಹಿಟ್ಟು ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ವಾನ್ ಟೀಘೆಮನ ಜೀವಿಯೂ ಅದರ ಬಳಗವೂ ಗಿರಾಕಿ ಬಂದನೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ರಸ್ತೆಯ ಯೋಜನೆಯನ್ನು ಹಾಕಿದವರು ಸೇತುವೆಗಳನ್ನೂ ಸುಂಕದ ಕಟ್ಟೆಗಳನ್ನೂ ಲೆಕ್ಕವಿಟ್ಟರು. ನಿರ್ಗಮನದ ಬಳಿ ಈ ಊರುಗಳ ಅಂಗಡಿಗಳಿಗೆ ಅಚ್ಚುಕಟ್ಟಾದ ಒಂದು ಸಾಲನ್ನು ಮೊದಲೇ ಕಟ್ಟಿಸಿಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಸೇತುವೆಯೊಂದರ ಬಣ್ಣದ ಖರ್ಚಷ್ಟೂ ಆಗುತ್ತಿರಲಿಲ್ಲ.

ಹಾಗೆಂದು ಬಿಡದಿಯ ಒಲೆಗಳು ಆರಿಲ್ಲ. ಅಪಘಾತಗಳನ್ನು ತಡೆಯುವುದಕ್ಕಾಗಿ 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯಪಥಕ್ಕೆ ಮೋಟಾರ್ ಸೈಕಲ್ಲು, ಆಟೋ, ಟ್ರಾಕ್ಟರುಗಳನ್ನು ಬಿಡುವುದು ನಿಂತಿತು. ಹೀಗಾಗಿ ಎರಡು ಚಕ್ರದವರೆಲ್ಲ ಸೇವಾಪಥಕ್ಕೂ ಊರೊಳಗಿನ ಹಳೆಯ ದಾರಿಗೂ ಮರಳಿದರು. ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ಹೊರಟ ಹುಡುಗ ಹುಡುಗಿಯರ ಗುಂಪುಗಳು ಶಿರಸ್ತ್ರಾಣಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಬೆಪಾತ್ರೆಯ ಮುಂದೆ ನಿಂತಿರುತ್ತವೆ. ಕೈಗಾರಿಕಾ ಪ್ರದೇಶದ ರಾತ್ರಿಪಾಳಿ ಮುಗಿಸಿದ ಕಾರ್ಮಿಕರಿಗಂತೂ ಹೆದ್ದಾರಿ ಎಲ್ಲಿ ಹೋದರೇನು, ಹಸಿವು ಇಲ್ಲಿಯೇ. ಕಾರಿನವರು ಮಾತ್ರ ಮನಸ್ಸುಮಾಡಿ ಬರಬೇಕು.

ಬರುವವರಿಗೆ ಒಂದೆರಡು ಸೂಚನೆಗಳು. ಕೆಂಗೇರಿಯನ್ನು ದಾಟಿದ ಮೇಲೆ ಎತ್ತರದ ಪಥವನ್ನು ಏರದೆ ಸೇವಾಪಥದಲ್ಲಿಯೇ ಉಳಿದು ಬಿಡದಿಯ ಒಳದಾರಿಯನ್ನು ಹಿಡಿಯತಕ್ಕದ್ದು. ಎಂಟು ಗಂಟೆಯೊಳಗೆ ಸೇರಿದರೆ ಒಳ್ಳೆಯದು. ಹತ್ತರ ಮೇಲೆ ದೊರೆಯುವುದು ಎರಡನೆಯ ಹಿಟ್ಟಿನದು, ಅದರ ರುಚಿಯೇ ಬೇರೆ. ಚಿಲ್ಲರೆಯ ತಾಪತ್ರಯ ಈಗಿಲ್ಲ. ಅಂಗಡಿಯ ಕಂಬಕ್ಕೆ ಅಂಟಿಸಿದ ಚೌಕುಳಿಚಿತ್ರಕ್ಕೆ ಫೋನನ್ನು ಹಿಡಿದರೆ ತೀರಿತು. ಮಾವಿನ ಕಾಲವಾದರೆ ರಾಮನಗರದ ಹೊರಗೆ ರಸ್ತೆಬದಿಯಲ್ಲಿ ಬುಟ್ಟಿಗಳಿರುತ್ತವೆ. ಕೋಲಾರದ ಹಣ್ಣಿಗಿಂತ ಮೊದಲೇ ಇಲ್ಲಿಯದು ಮಾಗುವುದರಿಂದ ಏಪ್ರಿಲಿನಲ್ಲಿಯೇ ಒಳ್ಳೆಯ ಬಾದಾಮಿ ದೊರೆಯುತ್ತದೆ. ಚೌಕಾಸಿ ಮಾಡಬಹುದು. ಇಡ್ಲಿಯ ಅಂಗಡಿಯಲ್ಲಿ ಮಾತ್ರ ಅದು ನಡೆಯದು.